ಬಿಸಿಲು ಇಳಿಯುವ ಗುಡ್ಡ

ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ತಿರಿಲ್ ಹಿಮದ ಮೇಲೆ ಕುಕ್ಕರಿಸಿದಳು. ಅವಳ ತರಗತಿಯ ಏಳು ಮಕ್ಕಳು ಆಗಲೇ ಮೇಲಿನ ತಿರುವು ದಾಟಿದ್ದರು. ಉತ್ತರ ಧ್ರುವದ ಹತ್ತಿರದ ನಮ್ಮೂರಿಗೆ ಎರಡು ತಿಂಗಳಿಂದ ಮುಖ ತೋರಿಸದಿದ್ದ ಸೂರ್ಯ ಇವತ್ತು ಹನ್ನೆರಡು ಗಂಟೆಗೆ ಕಾಣಿಸಿಕೊಳ್ಳುವವನಿದ್ದ. ಅದೂ ನಾಲ್ಕೇ ನಿಮಿಷ, ಅದೂ ತುದಿಯಲ್ಲಿ ನಿಂತವರಿಗೆ ಮಾತ್ರ. ಆಗಲೇ ಹನ್ನೊಂದೂ ಮುಕ್ಕಾಲು.

"ಏಳೇ, ಇನ್ನೇನು ಬಂತು," ಎಂದಳು ಜೊತೆಗೆ ಬಂದಿದ್ದ ಅಜ್ಜಿ ಹೆರ್ಡಿಸ್.

"ಹಿಮ್ಮಡಿ ಉರೀತಿದೆ ಅಜ್ಜಿ. ಉಸಿರೂ ಸಾಲ್ತಿಲ್ಲ."

ಅಜ್ಜಿ ಬೂಟು ಬಿಚ್ಚಿದಳು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಬೂಟು ತಿರುಗಿಸಿ ನೋಡಿದರೆ ಅಡಿಯ ಹಲ್ಲುಗಳು ಅಂಗಡಿಯಿಂದ ತಂದ ದಿನ ಹೇಗಿದ್ದವೋ ಹಾಗೇ ಇದ್ದವು. ಅದನ್ನು ಕೊಂಡದ್ದು ಅಕ್ಟೋಬರಿನಲ್ಲಿ, ಈಗ ಜನವರಿ.

ಬೇಸಿಗೆಯಲ್ಲಿ ಇದೇ ಹುಡುಗಿಯನ್ನು ಊಟಕ್ಕೆ ಹಿಡಿದು ತರುವುದೇ ಒಂದು ದೊಡ್ಡ ಕೆಲಸ. ಸೂರ್ಯ ಮುಳುಗದ ಆ ದಿನಗಳಲ್ಲಿ ಅವಳು ದೋಣಿಕಟ್ಟೆಯಿಂದ ಚರ್ಚಿನವರೆಗೆ ಓಡುತ್ತಲೇ ಇರುತ್ತಾಳೆ. ಅಪ್ಪ ಅಮ್ಮನಿಗೆ ಮೀನಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಹಾಗಾಗಿ ಹುಡುಗಿ ಅಜ್ಜಿಯ ಪಾಲು. ನವೆಂಬರಿನಲ್ಲಿ ಒಮ್ಮೆ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು, ಅಷ್ಟೇ. ಕತ್ತಲೆ ಕಾಲ ಮುಗಿಯುವವರೆಗೆ ಅಂಗಳಕ್ಕೂ ಇಳಿಯಕೂಡದು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದಳು. ಮುರಿದ ಮೂಳೆ ಕೂಡಿದ ಮೇಲೂ ಶಾಲೆಗೆ ಕಾರು, ಗೆಳತಿಯ ಮನೆಗೆ ಕಾರು, ಉಳಿದ ಹೊತ್ತೆಲ್ಲ ಒಲೆ ಪಕ್ಕದ ಸೋಫಾ. ಪ್ರೀತಿಯಿಂದಲೇ ಮಾಡಿದ್ದು, ನಿಜ. ಆದರೆ ಕತ್ತಲೆ ಕಳೆಯಲಿ ಎಂದು ಕಾಯುತ್ತ ಕೂತರೆ ನಮ್ಮೂರಿನ ಮಕ್ಕಳ ಅರ್ಧ ಬಾಲ್ಯ ಕೂತಲ್ಲೇ ಮುಗಿಯುತ್ತದೆ.

"ಬಾ, ಬೆನ್ನ ಮೇಲೆ ಹತ್ತು," ಎಂದಳು ಅಜ್ಜಿ.

"ಬೇಡ. ಎಲ್ರೂ ನಗ್ತಾರೆ."

ಅವಳನ್ನು ಹುಡುಕಿಕೊಂಡು ಎಸ್ಪೆನ್ ಮೇಷ್ಟ್ರು ಕೆಳಗಿಳಿದು ಬಂದರು. ಬೊಬ್ಬೆ ನೋಡಿದರು, ಗಡಿಯಾರ ನೋಡಿಕೊಂಡರು. "ಇವತ್ತಿಗೆ ಆಗಲ್ಲ ಬಿಡಿ ಹೆರ್ಡಿಸಮ್ಮ. ಬಿಸಿಲು ಎಲ್ಲಿಗೆ ಹೋಗುತ್ತೆ? ದಿನಾ ಒಂದಿಷ್ಟು ಇಳಿದು ಬರುತ್ತೆ. ನಾಳೆ ಈ ಬರ್ಚ್ ಮರದ ಹತ್ರ. ಇನ್ನೊಂದು ವಾರಕ್ಕೆ ನಿಮ್ಮನೆ ಕಿಟಕಿಗೇ. ಆಗ ಸೋಫಾದಲ್ಲೇ ಕೂತು ನೋಡ್ಲಿ."

ಮೇಷ್ಟ್ರು ಸಮಾಧಾನಕ್ಕೆಂದೇ ಆಡಿದ ಮಾತು. ಅಜ್ಜಿಗೆ ಮಾತ್ರ ಕಪಾಳಕ್ಕೆ ಬಿಗಿದಂತಾಯಿತು.

ಅಷ್ಟರಲ್ಲಿ ಮೇಲಿನಿಂದ ಮಕ್ಕಳ ಕೇಕೆ ಕೇಳಿಸಿತು. "ಬಂದ, ಬಂದ." ತುದಿಯ ಹಿಮಕ್ಕೆ ಕಿತ್ತಳೆ ಬಣ್ಣ ಏರಿತು. ಇವರು ಕೂತ ಜಾಗ ಮಾತ್ರ ಮಬ್ಬು ನೀಲಿಯಾಗಿಯೇ ಉಳಿಯಿತು. ತಿರಿಲ್ ಕತ್ತು ಚಾಚಿ ಚಾಚಿ ನೋಡಿದಳು, ಆಮೇಲೆ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಅಳತೊಡಗಿದಳು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹೆರ್ಡಿಸ್‌ಗೆ ಆದದ್ದು ಅದೇ.

"ತಪ್ಪು ನಂದು ಕಣೇ," ಎಂದಳು. "ನಿನ್ನ ಕೈ ಕಾಯೋಕೆ ಹೋಗಿ ಕಾಲು ಕಟ್ಟಿ ಹಾಕ್ದೆ."

ನಾಲ್ಕು ನಿಮಿಷ ಕಳೆಯಿತು. ತುದಿಯ ಬಣ್ಣ ಆರಿತು. ಮಕ್ಕಳು ಹಿಂಡಿನಂತೆ ಇಳಿದು ಬಂದು, ನಾನು ಮೊದಲು ನೋಡಿದೆ, ನೀನಲ್ಲ ಎಂದು ಜಗಳವಾಡುತ್ತ ಅವರನ್ನು ದಾಟಿ ಹೋದರು.

"ನಾಳೆ ಇಲ್ಲೇ ಬಂದು ನಿಲ್ಲು ಮರಿ, ಮರೀಬೇಡ," ಎಂದರು ಮೇಷ್ಟ್ರು.

ತಿರಿಲ್ ಮೂಗೊರೆಸಿಕೊಂಡು ಅಜ್ಜಿಯ ಮುಖ ನೋಡಿದಳು. ಅಜ್ಜಿ ಬೊಬ್ಬೆಗೆ ಪಟ್ಟಿ ಅಂಟಿಸಿ, ಬೂಟಿನ ದಾರ ಕಟ್ಟುತ್ತ ತಲೆಯೆತ್ತದೆ ಹೇಳಿದಳು:

"ಇಲ್ಲ ಮೇಷ್ಟ್ರೇ, ನಾಳೆ ಇನ್ನೂ ಬೇಗ ಹೊರಟು ತುದಿಗೇ ಹೋಗ್ತೀವಿ. ನಾಡಿದ್ದೂ ಅಷ್ಟೆ. ಸೂರ್ಯ ನಮ್ಮನೆ ಕಿಟಕಿಗೆ ಬರೋ ದಿನ ಮನೇಲಿ ಯಾರೂ ಇರಬಾರ್ದು."