ಅರ್ಥ ಕೇಳಿದ ಮಧ್ಯಾಹ್ನ

ಎರ್ನಾಕುಲಂನ ಕುರ್ಚಿ ಅಂಗಡಿಯಿಂದ ಬೆತ್ತದ ವಾಸನೆ ಬಂದರೆ ಈಗಲೂ ನನ್ನ ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತದೆ.

ಅಬ್ಬನಿಗೆ ಮಂಗಳೂರಿನಿಂದ ಕೇರಳದ ಉಳ್ಳೂರಿನ ಬ್ಯಾಂಕಿಗೆ ವರ್ಗವಾದ ವರ್ಷ ನಾನು ಅಲ್ಲಿನ ಮದ್ರಸಕ್ಕೆ ಸೇರಿದೆ. ಆ ಮಧ್ಯಾಹ್ನ ಅರಬಿ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿ, ಉಸ್ತಾದರ ಬಳಿ ಅದರ ಅರ್ಥ ಕೇಳಿದೆ.

"ಎದುರು ಮಾತಾ? ಕೈ ನೀಟ್ಟ್!" ಎಂದು ಅವರು ಗುಡುಗಿದರು. ನಾನು ಕೈ ಚಾಚಿದೆ.

ಏಟಿನ ಮೇಲೆ ಏಟು ಬಿತ್ತು. ಏಳನೆಯದಕ್ಕೆ ಬೆತ್ತವೇ ಸೀಳಿಹೋಗಿ, ಸಿಬಿರು ಅಂಗೈಗೆ ಹೊಕ್ಕಿತು. ಬೆಂಚಿನ ಮೇಲೆ ರಕ್ತ ತೊಟ್ಟಿಕ್ಕಿತು.

ಮನೆಯಲ್ಲಿ ಅಬ್ಬ ಸೂಜಿಯಿಂದ ಸಿಬಿರು ತೆಗೆದು, "ನಾಳೆ ನಾನೂ ಬರ್ತೇನೆ" ಎಂದರು. ಉಸ್ತಾದರಿಗೆ ಸರಿಯಾಗಿ ಬೈಯುತ್ತಾರೆಂದು ನಾನು ಅಳು ನಿಲ್ಲಿಸಿದೆ.

ಮರುದಿನ ಅಬ್ಬ ಉಸ್ತಾದರ ಮುಂದೆ ತಲೆ ತಗ್ಗಿಸಿ ನಿಂತರು. ಪೇಪರಿನಲ್ಲಿ ಸುತ್ತಿ ತಂದಿದ್ದ ಹೊಸ ಬೆತ್ತವನ್ನು ಎರಡೂ ಕೈಯಿಂದ ಒಪ್ಪಿಸಿದರು.