ನಾಲ್ವರಿಗೂ ಆರು

ಒಂದೇ ಊರಿನ ನಾವು ನಾಲ್ವರು ಗೆಳೆಯರು ಆನ್‌ಲೈನ್‌ನಲ್ಲಿ ಆಟ ಕಟ್ಟಿಕೊಂಡು ಒಂದೊಂದು ದೇಶ ಆಳುತ್ತಿದ್ದೆವು. ನಿಯಮ ಬರೆದವನು ನಾನು. ಯುದ್ಧ ಬಂದರೆ ಅವರವರ ಮನೆಯಲ್ಲೇ ದಾಳ ಉರುಳಿಸಿ, ಬಿದ್ದದ್ದನ್ನು ಗ್ರೂಪಿನಲ್ಲಿ ಹೇಳಬೇಕು. ಹೆಚ್ಚು ಬಿದ್ದವರಿಗೆ ಗೆಲುವು. ಮೂರು ವಾರ ನಾಲ್ವರಿಗೂ ಬರೀ ಆರೇ ಬಿತ್ತು. ಒಂದಂಗುಲ ನೆಲವೂ ಕೈಬದಲಾಗಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಗ್ರೂಪ್ ಕಾಲ್ ಹಚ್ಚಿ ಗುಡುಗಿದೆ: "ಸುಳ್ಳಿಗೂ ಒಂದು ಮಿತಿ ಬ್ಯಾಡೇನು? ನಾಳಿಂದ ಎಲ್ಲಾರೂ ಕ್ಯಾಮೆರಾ ಮುಂದ ದಾಳ ಹಾಕ್ರಿ!"

"ನನ್ನ ಮ್ಯಾಲೂ ಸಂಶಯಾನ?" ಎಂದ ಬಸಲಿಂಗ.

"ನ್ಯಾಯ ಅಂದ್ರ ಎಲ್ಲಾರಿಗೂ ನ್ಯಾಯ," ಎಂದೆ.

ಮೂವರೂ ಗೊಣಗುತ್ತಲೇ ಒಪ್ಪಿದರು.

ಮರುದಿನ ಮಧ್ಯಾಹ್ನ ಊರಿಗಿರುವ ಒಂದೇ ಆಟಿಕೆ ಅಂಗಡಿಗೆ ಹೋಗಿ ದಾಳ ಕೇಳಿದೆ.

"ಇದ್ದ ಮೂರೂ ಹೋದುವ್ರಿ," ಎಂದ ಅಂಗಡಿಯವ. "ಮುಂಜಾನಿಂದ ಕೇಳಾಕ ಬಂದವ್ರಾಗ ನೀವು ನಾಲ್ಕನೇದವ್ರು."