ಗಿರಿಜಕ್ಕನ ದನಿ ತಿರುಗಿದ್ದು

ಪೀಣ್ಯದ ಆ ಅಚ್ಚುಕೂಟದ ಮೆಟ್ಟಿಲನ್ನು ಈರಪ್ಪ ಎರಡೆರಡಾಗಿ ಹತ್ತಿದ. ಕಂಕುಳಲ್ಲಿ ಈ ವಾರದ ಪತ್ರಿಕೆಯಿತ್ತು. ಹಿಂದೆ ಹನುಮಯ್ಯ ಏದುಸಿರು ಬಿಡುತ್ತ ಬರುತ್ತಿದ್ದ. ಇಬ್ಬರೂ ಒಂದೇ ಕಾರ್ಖಾನೆಯ ಲೇತ್ ಕೆಲಸಗಾರರು, ಲಗ್ಗೆರೆಯ ಒಂದೇ ವಠಾರದವರು. ಇಬ್ಬರ ಸಿಟ್ಟೂ ಒಬ್ಬಳ ಮೇಲೆಯೇ. ಅವಳು ಗಿರಿಜಕ್ಕ.

ಹೆಂಗಸರ ಕಷ್ಟದ ಕಾಗದಗಳಿಗೆ ಆ ವಾರಪತ್ರಿಕೆಯಲ್ಲಿ ಉತ್ತರ ಬರೆಯುವವಳು ಗಿರಿಜಕ್ಕ. ಹತ್ತು ವರ್ಷ ಅವಳ ಉತ್ತರ ಒಂದೇ ಬಗೆ. ಗಂಡ ಕೈ ಎತ್ತಿದನೇ? ನಗುನಗುತ್ತ ಕಾಫಿ ಕೊಡು, ತಂಗಿ. ತಡವಾಗಿ ಬಂದನೇ? ಮಲ್ಲಿಗೆ ಮುಡಿದು ಕಾಯಿ. ಈರಪ್ಪ ತಪ್ಪದೆ ಪತ್ರಿಕೆ ಕೊಂಡು ತಂದು ಆ ಪುಟವನ್ನು ಹೆಂಡತಿ ಮಹಾದೇವಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ದಿನವಿಡೀ ಗಾರ್ಮೆಂಟ್ಸ್‌ನಲ್ಲಿ ಹೊಲಿದು ಬಂದ ಅವಳು ಮುದ್ದೆ ತಿರುವುತ್ತ ಕೇಳುತ್ತಿದ್ದಳು.

ತೊಂಬತ್ತನಾಲ್ಕರ ಯುಗಾದಿ ಕಳೆದದ್ದೇ ಗಿರಿಜಕ್ಕನ ದನಿ ತಿರುಗಿತು. ಸಾರಿಗೆ ಉಪ್ಪು ಕಡಿಮೆಯಾದರೆ ಗಂಡ ತಟ್ಟೆ ಎಸೆಯುತ್ತಾನೆಂದು ಹೂಡಿಯ ಒಬ್ಬಾಕೆ ಬರೆದಿದ್ದಳು. ‘ಎಸೆದವನೇ ಬಳಿಯಲಿ. ನೀನು ಮ್ಯಾಟಿನಿಗೆ ಹೋಗು’ ಎಂದು ಉತ್ತರ ಬಂತು. ಅಭ್ಯಾಸಬಲದಿಂದ ಈರಪ್ಪ ಅದನ್ನೂ ಗಟ್ಟಿಯಾಗಿ ಓದಿಬಿಟ್ಟ.

ಮರುಭಾನುವಾರ ಅವನು ಎಸೆದ ತಟ್ಟೆಯ ಅನ್ನವನ್ನು ಅವನೇ ಬಳಿಯಬೇಕಾಯಿತು. ಮಹಾದೇವಿ ಹನುಮಯ್ಯನ ಹೆಂಡತಿಯನ್ನೂ ಕರೆದುಕೊಂಡು ಸಿನಿಮಾಕ್ಕೆ ಹೋಗಿದ್ದಳು.

ಯಾರೋ ಗಂಡನನ್ನು ಬಿಟ್ಟುಬಂದವಳು ಆ ಜಾಗದಲ್ಲಿ ಕೂತಿದ್ದಾಳೆ, ಅವಳನ್ನು ತೆಗೆಸಿ ಹಳೆಯ ಗಿರಿಜಕ್ಕನನ್ನೇ ವಾಪಸು ಕರೆಸಬೇಕು ಎಂದು ಗೆಳೆಯರಿಬ್ಬರೂ ದಾರಿಯಲ್ಲೇ ತೀರ್ಮಾನಿಸಿದ್ದರು.

ಮೇಲೆ, ಮೇಜಿನ ಹಿಂದೆ, ದಪ್ಪ ಮೀಸೆಯ ಐವತ್ತರ ಗಂಡಸೊಬ್ಬ ಸುಟ್ಟ ಬೆರಳಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ತನ್ನ ಹೆಸರು ಚನ್ನವೀರಪ್ಪ, ಪತ್ರಿಕೆಯ ಸಂಪಾದಕ ಎಂದ. ಈರಪ್ಪ ದೂರನ್ನೆಲ್ಲ ಒಪ್ಪಿಸಿದ. ಆತ ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ, ಗಿರಿಜಕ್ಕ ಅನ್ನುವವಳು ಯಾರೂ ಇಲ್ಲ, ಮೊದಲ ವಾರದಿಂದ ಇವತ್ತಿನವರೆಗೂ ಬರೆಯುತ್ತಿರುವವನು ತಾನೇ ಎಂದ.

ಹನುಮಯ್ಯ ಒಮ್ಮೆ ಪತ್ರಿಕೆಯನ್ನು, ಒಮ್ಮೆ ಆತನ ಮೀಸೆಯನ್ನು ನೋಡಿದ.

“ಹಳೇದನ್ನೂ ನೀವೇ ಬರ್ದಿದ್ದಾ ಸಾರ್?” ಈರಪ್ಪನ ದನಿಯಲ್ಲಿ ಸಿಟ್ಟು ಇಳಿದು ದುಃಖವೇ ಉಳಿದಿತ್ತು. “ಎಷ್ಟು ಚೆನ್ನಾಗ್ ಬರೀತಿದ್ರಿ. ಆಮೇಲೆ ಏನಾಯ್ತು?”

ಚನ್ನವೀರಪ್ಪ ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ನನ್ನ ಹೆಂಡ್ತಿ ಸಾಕ್ಷರತಾ ಕ್ಲಾಸಿಗೆ ಹೋಗಿ ಓದೋದು ಕಲಿತ್ಲು ಕಣ್ರೀ. ಯುಗಾದಿ ಹೊತ್ತಿಗೆ ಹತ್ತು ವರ್ಷದ್ದೂ ಓದಿ ಮುಗಿಸಿದ್ಲು.”